ಗುಂಡು ಸರಿದರೆ ಗಾಲಿ ತಿರುಗೀತೇ?

ಕರೆಂಟು ಬೇಡ, ಡೀಸೆಲ್ ಬೇಡ, ಬಿಸಿಲೂ ಬೇಡ. ದೊಡ್ಡದೊಂದು ಗಾಲಿ, ಅದರ ಸುತ್ತ ಕಬ್ಬಿಣದ ಗುಂಡುಗಳು. ಗುಂಡುಗಳು ಒಂದು ಕಡೆ ಹೊರಗೆ ಚಾಚಿಕೊಳ್ಳುತ್ತವೆ, ಇನ್ನೊಂದು ಕಡೆ ಒಳಗೆ ಮಡಚಿಕೊಳ್ಳುತ್ತವೆ. ಗಾಲಿ ತಿರುಗುತ್ತಲೇ ಇರುತ್ತದೆ. ಕೆಳಗೆ ‘ರೈತನ ಅದ್ಭುತ ಸಾಧನೆ, ಎಲ್ಲರಿಗೂ ಶೇರ್ ಮಾಡಿ’ ಎಂದು ಬರೆದಿರುತ್ತದೆ. ಇಂಥ ವಿಡಿಯೊ ನಿಮ್ಮೂರಿನ ವಾಟ್ಸಾಪ್ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ.

ನನಗಂತೂ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ನಾನು ಜಿಲ್ಲೆಯ ಸ್ಟ್ರಿಂಗರ್, ಅಂದರೆ ಸಂಬಳವಿಲ್ಲದ ವರದಿಗಾರ್ತಿ. ಕಳಿಸಿದ ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಪೆಟ್ರೋಲ್ ಖರ್ಚು ನನ್ನದೇ. ‘ಮೇಡಂ, ಇದನ್ನ ಪೇಪರಿನಾಗ ಹಾಕ್ರಿ’ ಎಂದು ವಿಡಿಯೊ ಕಳಿಸುವವರು ನಮ್ಮದೇ ಜನ. ಅವರಿಗೆ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ನಿಜವಾಗಿದ್ದರೆ ಚೆನ್ನಾಗಿತ್ತು ಎಂಬ ಆಸೆ ಇರುತ್ತದೆ.

ಕಳೆದ ಬೇಸಿಗೆಯಲ್ಲಿ ವಿಡಿಯೊ ಬದಲು ಗಾಲಿಯನ್ನೇ ನೋಡುವ ಅವಕಾಶ ಸಿಕ್ಕಿತು. ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ರೈತರು ಅಂಥದ್ದೊಂದನ್ನು ಸ್ವತಃ ಮಾಡಿದ್ದಾರೆ ಎಂದು ಫೋನ್ ಬಂತು. ಪತ್ರಿಕೆಯ ಡೆಸ್ಕಿಗೂ ಅದು ಹೇಗೋ ಗೊತ್ತಾಗಿತ್ತು. ‘ಫೋಟೊ ಸಮೇತ ಸಂಜೆಯೊಳಗೆ ಕಳಿಸಿ, ಒಳ್ಳೆ ಜಾಗ ಇದೆ’ ಎಂದರು.

ಹೋಗಿ ನೋಡಿದೆ. ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ಐದು ಅಡಿ ಅಗಲದ ಗಾಲಿ, ನಡುವೆ ಹಳೇ ಟ್ರ್ಯಾಕ್ಟರಿನ ಬೇರಿಂಗ್. ಅಂಚಿನಲ್ಲಿ ಎಂಟು ಕಡೆ ಬಾಗಿಲಿನ ಕೀಲಿನ ಹಾಗೆ ಮಡಚಿಕೊಳ್ಳುವ ಕೈಗಳು, ಪ್ರತಿ ಕೈಯ ತುದಿಗೆ ಎರಡು ಕೆಜಿ ತೂಕದ ಕಬ್ಬಿಣದ ಗುಂಡು. ಆ ರೈತರಿಗೆ ಐವತ್ತೈದರ ಆಸುಪಾಸು. ಶಾಲೆ ಏಳನೇ ಇಯತ್ತೆಗೆ ಮುಗಿದಿತ್ತು. ಕೂರಿಗೆ, ಕುಂಟೆ ರಿಪೇರಿಗೆ ಸುತ್ತಲ ನಾಲ್ಕು ಹಳ್ಳಿಯವರು ಅವರ ಹತ್ತಿರವೇ ಬರುತ್ತಾರಂತೆ.

‘ನೋಡ್ರಿ ತಂಗಿ, ಬಲಗಡೆ ಗುಂಡು ದೂರ ಹೋಗತೈತಿ. ದೂರ ಇದ್ದಷ್ಟೂ ಜಗ್ಗೂ ಜೋರ ಹೆಚ್ಚು. ಎಡಗಡೆ ಗುಂಡು ಹತ್ರ ಬರತೈತಿ, ಜೋರ ಕಡಿಮಿ. ಅಂದಮ್ಯಾಲ ಬಲಗಡೆ ಯಾವಾಗಲೂ ಭಾರ. ತಿರಗಬೇಕಲ್ಲ?’

ಅವರ ಮಾತಿನ ಅರ್ಧ ಪೂರ್ತಿ ಸರಿ. ಹಾರೆಯಿಂದ ಬಂಡೆ ಎಬ್ಬಿಸಿದವರಿಗೆಲ್ಲ ಅದು ಗೊತ್ತು. ಹಾರೆಯ ತುದಿ ಹಿಡಿದರೆ ಬಂಡೆ ಏಳುತ್ತದೆ, ನಡುವೆ ಹಿಡಿದರೆ ಏಳುವುದಿಲ್ಲ. ಒಂದು ಕೆಜಿ ತೂಕ ಎರಡು ಅಡಿ ದೂರದಲ್ಲಿದ್ದರೆ, ಒಂದು ಅಡಿ ದೂರದಲ್ಲಿರುವ ಎರಡು ಕೆಜಿಯನ್ನು ಸರಿದೂಗಿಸುತ್ತದೆ. ಅಚ್ಚಿನಿಂದ ಎಷ್ಟು ದೂರ ಎಂಬುದರ ಮೇಲೆ ತೂಕದ ಜೋರು ನಿಂತಿರುತ್ತದೆ. ಗುಂಡು ಸರಿದರೆ ಗಾಲಿಯ ಸಮತೋಲ ಬದಲಾಗುತ್ತದೆ ಎಂಬುದೂ ನಿಜ.

ಅವರು ಗಾಲಿಯನ್ನು ಜೋರಾಗಿ ತಳ್ಳಿದರು. ಗುಂಡುಗಳು ಟಪ್ ಟಪ್ ಎಂದು ಬೀಳುತ್ತಾ ಗಾಲಿ ಕೆಲವು ಸುತ್ತು ತಿರುಗಿತು. ನಿಧಾನವಾಯಿತು. ಒಂದು ಗುಂಡು ಮೇಲಿನಿಂದ ಇನ್ನೇನು ಬೀಳಬೇಕು ಎನ್ನುವಾಗ ನಿಂತು, ತುಸು ಹಿಂದಕ್ಕೆ ಸರಿದು ತೂಗಾಡಿ ಸುಮ್ಮನಾಯಿತು.

‘ಇನ್ನೊಂಚೂರು ಬೇರಿಂಗ್ ಚಲೋ ಹಾಕಿದರ ನಿಲ್ಲಂಗಿಲ್ಲ’ ಎಂದರು.

ನಾನು ಫೋಟೊ ತೆಗೆದುಕೊಂಡು ಹೊರಡಬಹುದಿತ್ತು. ಆದರೆ ಚಹಾ ಕುಡಿಯುವಾಗ ಇನ್ನೊಂದು ವಿಷಯ ಗೊತ್ತಾಯಿತು. ಬೇರೆ ಊರಿನವನೊಬ್ಬ ಬಂದು ನೋಡಿ, ‘ಇಪ್ಪತ್ತು ಅಡಿಯ ಗಾಲಿ ಮಾಡಿದರೆ ಐದು ಎಚ್‌ಪಿ ಪಂಪು ಎಳೆಯುತ್ತದೆ, ನಾನು ಮಾಡಿಕೊಡುತ್ತೇನೆ, ಮುಂಗಡ ಅರವತ್ತು ಸಾವಿರ ಕೊಡಿ’ ಎಂದಿದ್ದ. ಪೇಪರಿನಲ್ಲಿ ಬಂದರೆ ಸಬ್ಸಿಡಿ ಸಿಗುತ್ತದೆ ಎಂದೂ ಹೇಳಿದ್ದ. ದುಡ್ಡಿಗಾಗಿ ಹೆಂಡತಿಯ ಬೋರಮಾಳ ಸರ ಅಡವಿಡುವ ಮಾತಾಗಿತ್ತು. ಆಕೆ ಚಹಾದ ಕಪ್ಪು ಇಟ್ಟು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದರು. ನನ್ನ ಸುದ್ದಿ ಅಚ್ಚಾದರೆ ಮರುದಿನ ಆ ಸರ ಮನೆಯಿಂದ ಹೊರಗೆ ಹೋಗುತ್ತಿತ್ತು.

ಬಾಯಿ ಮಾತಿನಲ್ಲಿ ‘ಇದು ಆಗುವುದಿಲ್ಲ’ ಎಂದರೆ ಯಾರು ಒಪ್ಪುತ್ತಾರೆ? ವರ್ಷಗಟ್ಟಲೆ ಕೂತು ಮಾಡಿದವರ ಮುಂದೆ ಅರ್ಧ ಗಂಟೆ ನೋಡಿದವಳ ಮಾತು ನಿಲ್ಲುವುದಿಲ್ಲ. ಅದಕ್ಕೆ ‘ಅಳತೆ ಮಾಡೋಣ’ ಎಂದೆ. ಅವರಿಗೂ ಹುರುಪು ಬಂತು. ಪಕ್ಕದ ಮನೆಯ ಗೌಂಡಿಯ ಹತ್ತಿರ ತೂಗುಗುಂಡು, ಟೇಪು ತಂದರು.

ನಿಂತ ಗಾಲಿಯ ಅಚ್ಚಿನ ನಡುವಿನಿಂದ ತೂಗುಗುಂಡಿನ ದಾರ ನೇರ ಕೆಳಗೆ ಬಿಟ್ಟೆವು. ಆ ದಾರದಿಂದ ಪ್ರತಿ ಗುಂಡು ಅಡ್ಡಕ್ಕೆ ಎಷ್ಟು ಇಂಚು ದೂರ ಇದೆ ಎಂದು ಅಳೆದೆವು. ಬಲಗಡೆ ಗುಂಡು ದೂರ ದೂರ ಇದ್ದವು. ಆದರೆ ಅಲ್ಲಿ ಇದ್ದದ್ದೇ ಮೂರು: 26, 37, 27 ಇಂಚು. ಎಡಗಡೆ ಹತ್ತಿರ ಇದ್ದವು. ಅಲ್ಲಿ ಐದು ಇದ್ದವು: 8, 22, 28, 23, 8 ಇಂಚು.

ಎಲ್ಲ ಗುಂಡಿನ ತೂಕ ಒಂದೇ. ಹಾಗಾಗಿ ಇಂಚುಗಳನ್ನು ಕೂಡಿಸಿದರೆ ಸಾಕು. ಬಲಕ್ಕೆ 90, ಎಡಕ್ಕೆ 89. ಉಳಿದ ಒಂದು ಇಂಚಿನ ವ್ಯತ್ಯಾಸವನ್ನು ಬೇರಿಂಗಿನ ಬಿಗುವೇ ತಡೆದು ನಿಲ್ಲಿಸಿತ್ತು.

ಈ ಗಾಲಿಯ ಒಳಗುಟ್ಟು ಇಷ್ಟೇ. ನಮ್ಮ ಕಣ್ಣು ದೂರ ಚಾಚಿದ ಗುಂಡನ್ನು ನೋಡುತ್ತದೆ, ಎಷ್ಟು ಗುಂಡು ಯಾವ ಕಡೆ ಇವೆ ಎಂದು ಎಣಿಸುವುದಿಲ್ಲ. ಕೈ ಚಾಚಿದ ಕಡೆ ಗುಂಡುಗಳು ಬಿಡಿಬಿಡಿಯಾಗಿ ಕಡಿಮೆ ಇರುತ್ತವೆ. ಮಡಚಿದ ಕಡೆ ಒತ್ತಾಗಿ ಹೆಚ್ಚು ಇರುತ್ತವೆ. ಕೆಲವು ದೂರದವು, ಹಲವು ಹತ್ತಿರದವು, ಎರಡೂ ಸೇರಿ ಸಮವಾಗುತ್ತವೆ. ಕೈ ಉದ್ದ ಮಾಡಿ, ಗುಂಡು ಹೆಚ್ಚಿಸಿ, ಗಾಲಿಯನ್ನು ಇಪ್ಪತ್ತು ಅಡಿ ಮಾಡಿ, ಲೆಕ್ಕ ಬದಲಾಗುವುದಿಲ್ಲ. ಅದು ಸಮವಾಗುವ ಜಾಗವೊಂದನ್ನು ಹುಡುಕಿಕೊಂಡು ಅಲ್ಲಿ ನಿಲ್ಲುತ್ತದೆ.

ಅವರು ಸುಮ್ಮನಾಗಲಿಲ್ಲ. ‘ಅದು ನಿಂತಾಗಿನ ಲೆಕ್ಕ. ತಿರಗೂವಾಗ?’ ಎಂದರು. ಒಳ್ಳೆಯ ಪ್ರಶ್ನೆ.

ಉತ್ತರ ಕೊಟ್ಟದ್ದು ನಾನಲ್ಲ, ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ. ‘ಕೆರಿ ಏರಿ ಹತ್ತಾಕ ಎರಡು ದಾರಿ ಅದಾವು. ಒಂದು ಮೆಟ್ಟಲ, ಒಂದು ಸುತ್ತು ಬಳಸಿ ಬಂಡಿ ದಾರಿ. ಯಾವ ದಾರಿಲೆ ಹೋದರೂ ಕೊಡ ಏರಿ ಮ್ಯಾಲಕ್ಕ ಏರಬೇಕಲ್ರಿ. ಕೊಡದ ಭಾರ ಎಲ್ಲಿ ಹೊಕ್ಕೈತಿ?’

ಇದಕ್ಕಿಂತ ಚೆನ್ನಾಗಿ ನನ್ನ ಡಿಪ್ಲೊಮಾ ಪುಸ್ತಕವೂ ಹೇಳುತ್ತಿರಲಿಲ್ಲ. ಗುಂಡು ಒಂದು ಸುತ್ತು ಮುಗಿಸಿದಾಗ ಹೊರಟ ಎತ್ತರಕ್ಕೇ ವಾಪಸ್ ಬರಬೇಕು. ಎಷ್ಟು ಅಡಿ ಇಳಿಯಿತೋ ಅಷ್ಟೇ ಅಡಿ ಏರಬೇಕು. ಇಳಿಯುವಾಗ ಗಾಲಿಗೆ ಕೊಡುವ ಶಕ್ತಿಯನ್ನು ಏರುವಾಗ ಪೂರ್ತಿ ವಾಪಸ್ ಕೇಳುತ್ತದೆ. ಅಚ್ಚಿನ ಹತ್ತಿರದ ದಾರಿಯಲ್ಲಿ ಏರಿದರೂ ದೂರದ ದಾರಿಯಲ್ಲಿ ಇಳಿದರೂ ಎತ್ತರ ಒಂದೇ. ಲಾಭ ಸೊನ್ನೆ.

ನಷ್ಟ ಮಾತ್ರ ಇದೆ. ಆ ಟಪ್ ಟಪ್ ಶಬ್ದವೇ ನಷ್ಟ. ಗುಂಡು ಬಿದ್ದು ಬಡಿದಾಗಲೆಲ್ಲ ಅದು ಇಳಿದ ಎತ್ತರದ ಶಕ್ತಿ ಶಬ್ದವಾಗಿ, ಬಿಸಿಯಾಗಿ ಹೋಗುತ್ತದೆ. ಅದು ಗಾಲಿಗೆ ಸಿಗುವುದಿಲ್ಲ.

ಇದನ್ನೂ ಪರೀಕ್ಷೆ ಮಾಡಿದೆವು. ಕೈಯಿಂದ ತಳ್ಳಿದರೆ ಒಮ್ಮೆ ಜೋರು, ಒಮ್ಮೆ ಮೆಲ್ಲಗೆ ಆಗುತ್ತದೆ. ಅದಕ್ಕೆ ಐದು ಕೆಜಿ ಮರಳಿನ ಚೀಲವನ್ನು ಹಗ್ಗಕ್ಕೆ ಕಟ್ಟಿ, ಹಗ್ಗವನ್ನು ಗಾಲಿಯ ಅಂಚಿಗೆ ಸುತ್ತಿ, ಎರಡೂ ಸಲ ಒಂದೇ ಎತ್ತರದಿಂದ ಬಿಟ್ಟೆವು. ಮೊದಲು ಗುಂಡುಗಳು ಸಡಿಲವಾಗಿ ಸರಿಯುವ ಹಾಗೆ: ಎರಡೂವರೆ ಸುತ್ತು ತಿರುಗಿ ನಿಂತಿತು. ಆಮೇಲೆ ಎಂಟೂ ಕೈಗಳನ್ನು ಒಂದೇ ಓರೆಯಲ್ಲಿ ಬೈಂಡಿಂಗ್ ವೈರಿನಿಂದ ಬಿಗಿದು, ಗುಂಡು ಅಲುಗದ ಹಾಗೆ ಮಾಡಿ: ಹದಿನೆಂಟು ಸುತ್ತು.

ಗುಂಡು ಸರಿದರೆ ಗಾಲಿ ಹೆಚ್ಚು ತಿರುಗಬೇಕಿತ್ತು. ಸರಿಯದಂತೆ ಕಟ್ಟಿದಾಗ ಹೆಚ್ಚು ತಿರುಗಿತು. ಅವರು ಬಹಳ ಹೊತ್ತು ಗಾಲಿಯನ್ನೇ ನೋಡುತ್ತಾ ನಿಂತರು.

‘ಮತ್ತ ಬೇರಿಂಗ್ ಅಗದೀ ನುಣುಪ ಇದ್ದರ?’

ಇದ್ದರೆ ತಳ್ಳಿದ ವೇಗದಲ್ಲಿ ಬಹಳ ಹೊತ್ತು ತಿರುಗೀತು. ಆದರೆ ನಮಗೆ ತಿರುಗಿದರೆ ಸಾಲದು, ನೀರು ಎತ್ತಬೇಕು. ಪಂಪಿಗೆ ಬೆಲ್ಟು ಹಾಕಿದ ಕೂಡಲೇ ನಾವು ತಳ್ಳಿದ ಅಷ್ಟೂ ಶಕ್ತಿ ಖರ್ಚಾಗಿ ಗಾಲಿ ನಿಲ್ಲುತ್ತದೆ.

ಐದು ಎಚ್‌ಪಿ ಅಂದರೆ ಎಷ್ಟು ಎಂಬುದನ್ನು ನೀವೂ ಲೆಕ್ಕ ಹಾಕಬಹುದು. ಒಂದು ಎಚ್‌ಪಿ ಅಂದರೆ 746 ವಾಟ್. ಐದಕ್ಕೆ 3,730 ವಾಟ್. ಬೀಳುವ ಭಾರದಿಂದಲೇ ಅಷ್ಟು ಶಕ್ತಿ ಬೇಕೆಂದರೆ ಪ್ರತಿ ಸೆಕೆಂಡಿಗೆ ಸುಮಾರು 380 ಕೆಜಿ ಒಂದು ಮೀಟರ್ ಕೆಳಗೆ ಬೀಳುತ್ತಿರಬೇಕು. ಹೆಚ್ಚುಕಡಿಮೆ ನಾಲ್ಕು ಕ್ವಿಂಟಲ್ ಜೋಳ, ಸೆಕೆಂಡಿಗೊಮ್ಮೆ. ಬಿದ್ದ ಆ ನಾಲ್ಕು ಕ್ವಿಂಟಲನ್ನು ಮತ್ತೆ ಮೇಲೆತ್ತಿಡುವವರು ಯಾರು? ಗುಂಡಿನ ಗಾಲಿಯ ಯಾವ ವಿಡಿಯೊದಲ್ಲೂ ಇದಕ್ಕೆ ಉತ್ತರ ಇರುವುದಿಲ್ಲ.

ಈ ಆಸೆ ಹೊಸದಲ್ಲ. ಹಿಂದಿನ ದೊಡ್ಡ ತಲೆಗಳೂ ಇದರ ಬೆನ್ನು ಹತ್ತಿದ್ದವು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ತನ್ನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ, ಟೊಳ್ಳು ಕಡ್ಡಿಗಳಲ್ಲಿ ಅರ್ಧ ಪಾದರಸ ತುಂಬಿದ ಗಾಲಿಯ ಬಗ್ಗೆ ಬರೆದಿದ್ದಾನೆ. 1150ರಲ್ಲಿ ಎರಡನೇ ಭಾಸ್ಕರಾಚಾರ್ಯ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಅಂಥದ್ದೇ ಗಾಲಿ ಹೇಳಿದ್ದಾನೆ. ಪಾದರಸ ಕಡ್ಡಿಯೊಳಗೆ ಹರಿದು ಒಂದು ಕಡೆ ಹೊರಕ್ಕೆ, ಇನ್ನೊಂದು ಕಡೆ ಒಳಕ್ಕೆ ಸರಿಯಬೇಕು, ಗಾಲಿ ತಿರುಗುತ್ತಿರಬೇಕು. ನಮ್ಮ ರೈತರ ಕಬ್ಬಿಣದ ಗುಂಡಿನ ಜಾಗದಲ್ಲಿ ಪಾದರಸ, ಅಷ್ಟೇ ಫರಕು. ಭಾಸ್ಕರನ ಊರು ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಮಹಾರಾಷ್ಟ್ರದ ಊರು ಎನ್ನುವವರೂ ಇದ್ದಾರೆ. ಭಾಸ್ಕರನ ಗಣಿತ ಇಂದಿಗೂ ಗಟ್ಟಿಯಾಗಿ ನಿಂತಿದೆ. ಆ ಗಾಲಿ ಮಾತ್ರ ಯಾರು ಮಾಡಿದರೂ ತಿರುಗುತ್ತಾ ಉಳಿಯುವುದಿಲ್ಲ. ದೊಡ್ಡವರ ಪುಸ್ತಕದಲ್ಲಿದೆ ಎಂದು ಗುಂಡಿನ ತೂಕ ಕಡಿಮೆಯಾಗುವುದಿಲ್ಲ.

ಯುರೋಪಿನಲ್ಲೂ ಇದೇ ಕತೆ. ಹದಿಮೂರನೇ ಶತಮಾನದಲ್ಲಿ ಫ್ರಾನ್ಸಿನ ವಿಲಾರ್ ದ ಒನ್ನೆಕೂರ್ ಎಂಬವನು ಸುತ್ತಿಗೆಗಳು ತೂಗಾಡುವ ಗಾಲಿಯ ಚಿತ್ರ ಬರೆದಿಟ್ಟ. ಲಿಯೊನಾರ್ಡೊ ಡ ವಿಂಚಿ ಇಂಥ ಹಲವು ಗಾಲಿ ಚಿತ್ರಿಸಿ, ಲೆಕ್ಕ ಹಾಕಿ, ಆಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದ. 1717ರಲ್ಲಿ ಜರ್ಮನಿಯ ಬೆಸ್ಲರ್ ಎಂಬವನು ದೊಡ್ಡ ಗಾಲಿ ತಿರುಗಿಸಿ ತೋರಿಸಿ ಹೆಸರು ಮಾಡಿದ. ಕೋಣೆಗೆ ಬೀಗ ಹಾಕಿ ಮುದ್ರೆ ಒತ್ತಿ, ವಾರಗಳ ನಂತರ ತೆರೆದಾಗಲೂ ಗಾಲಿ ತಿರುಗುತ್ತಿತ್ತು ಎಂದು ದಾಖಲಾಗಿದೆ. ಆದರೆ ಗಾಲಿಗೆ ಬಟ್ಟೆಯ ಹೊದಿಕೆ. ದುಡ್ಡು ಕೊಡದೆ ಒಳಗೆ ನೋಡಲು ಆತ ಬಿಡಲೇ ಇಲ್ಲ. ಪಕ್ಕದ ಕೋಣೆಯಿಂದ ನಾವೇ ತಿರುಗಿಸುತ್ತಿದ್ದೆವು ಎಂದು ಮುಂದೆ ಅವನ ಮನೆಗೆಲಸದವಳೇ ಹೇಳಿದಳು. ಕೊನೆಗೆ 1775ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿ, ತಾನಾಗಿಯೇ ತಿರುಗುವ ಯಂತ್ರದ ಅರ್ಜಿಗಳನ್ನು ಇನ್ನು ಮುಂದೆ ನೋಡುವುದೇ ಇಲ್ಲ ಎಂದು ತೀರ್ಮಾನಿಸಿತು. ಬಡ ಕುಶಲಕರ್ಮಿಗಳು ಇದರ ಹಿಂದೆ ಬಿದ್ದು ಮನೆಮಠ ಕಳೆದುಕೊಳ್ಳುತ್ತಿದ್ದುದೂ ಅದಕ್ಕೆ ಒಂದು ಕಾರಣ.

ನಮ್ಮ ದೇಶದ ಕಾನೂನಿನಲ್ಲೂ ಇದಕ್ಕೆ ಜಾಗವಿಲ್ಲ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎ) ಪ್ರಕಾರ, ಸ್ಥಿರಪಟ್ಟ ನಿಸರ್ಗ ನಿಯಮಗಳಿಗೆ ಕಣ್ಣಿಗೆ ಕಾಣುವಷ್ಟು ವಿರುದ್ಧವಾದದ್ದು ಆವಿಷ್ಕಾರವೇ ಅಲ್ಲ. ‘ಪೇಟೆಂಟ್ ಆಗಿದೆ’ ಎಂದು ಯಾರಾದರೂ ಇಂಥ ಗಾಲಿ ಮಾರಲು ಬಂದರೆ ಮೊದಲು ಕಾಗದ ಕೇಳಿ.

ಹಾಗಾದರೆ ಸರಿಯುವ ಭಾರದಿಂದ ತಿರುಗುವ ಗಾಲಿ ಇಲ್ಲವೇ ಇಲ್ಲವೇ? ಇದೆ. ನೀರಿನ ಗಾಲಿ. ಮೇಲಿನಿಂದ ನೀರು ಒಂದು ಕಡೆಯ ಡಬ್ಬಿಗಳಿಗೆ ತುಂಬುತ್ತದೆ, ಆ ಕಡೆ ಭಾರವಾಗಿ ಇಳಿಯುತ್ತದೆ. ಕೆಳಗೆ ಬಂದಾಗ ನೀರು ಚೆಲ್ಲಿ ಹೋಗುತ್ತದೆ, ಡಬ್ಬಿ ಖಾಲಿಯಾಗಿ ಹಗುರಾಗಿ ಏರುತ್ತದೆ. ಇಲ್ಲಿ ಒಂದು ಕಡೆ ನಿಜವಾಗಿಯೂ ಯಾವಾಗಲೂ ಭಾರ. ಯಾಕೆಂದರೆ ಇಳಿದ ಭಾರ ಗಾಲಿಯಲ್ಲಿ ಉಳಿಯುವುದಿಲ್ಲ, ಮೇಲಿನಿಂದ ಹೊಸ ಭಾರ ಬರುತ್ತಲೇ ಇರುತ್ತದೆ. ಅದನ್ನು ಮೇಲೆತ್ತಿದ್ದು ಸೂರ್ಯ. ಸಮುದ್ರದ ನೀರು ಆವಿಯಾಗಿ, ಮೋಡವಾಗಿ, ಮಲೆನಾಡಿನ ಮೇಲೆ ಮಳೆಯಾಗಿ ಬಿದ್ದದ್ದಕ್ಕೇ ಹೊಳೆ ಮೇಲಿನಿಂದ ಹರಿಯುತ್ತದೆ.

ಶಿವನಸಮುದ್ರದಲ್ಲಿ 1902ರಿಂದ ಕರೆಂಟು ತಯಾರಾಗುತ್ತಿರುವುದೂ ಕಾವೇರಿ ಎತ್ತರದಿಂದ ಬೀಳುವುದರಿಂದಲೇ. ಅಲ್ಲಿಂದ ತಂತಿ ಎಳೆದು ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಅಲ್ಲಿ ಮಂತ್ರ ಇಲ್ಲ, ಮಳೆ ಇದೆ. ಮಳೆ ಕೈಕೊಟ್ಟ ವರ್ಷ ಆ ಗಾಲಿಗಳೂ ನಿಧಾನವಾಗುತ್ತವೆ.

ಇದನ್ನೆಲ್ಲ ನಂಬಬೇಕಾಗಿಲ್ಲ, ಮನೆಯಲ್ಲೇ ಮಾಡಿ ನೋಡಿ. ಸೈಕಲ್ ತಲೆಕೆಳಗು ನಿಲ್ಲಿಸಿ. ಮುಂದಿನ ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಡಿ. ಅಂಚಿನ ಹತ್ತಿರ ಒಂದು ಕಡ್ಡಿಗೆ ದೊಡ್ಡ ನಟ್ಟು ಕಟ್ಟಿ ಮತ್ತೆ ಬಿಡಿ, ನಟ್ಟು ತೂಗಾಡಿ ಕೆಳಗೆ ಬಂದೇ ನಿಲ್ಲುತ್ತದೆ. ಸರಿಯಾಗಿ ಎದುರು ಕಡೆ ಅಷ್ಟೇ ತೂಕದ ಇನ್ನೊಂದು ನಟ್ಟು ಕಟ್ಟಿ, ಈಗ ಭಾರ ಸಮವಾಗಿ ಗಾಲಿ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಕಾರಿನ ಟೈರ್ ಅಂಗಡಿಯಲ್ಲಿ ರಿಮ್ಮಿಗೆ ಹತ್ತು ಗ್ರಾಂ, ಇಪ್ಪತ್ತು ಗ್ರಾಂ ತುಂಡು ಅಂಟಿಸುವುದು ಇದೇ ಕೆಲಸಕ್ಕೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ರಿಮ್ಮಿನ ಮೇಲೆ ಹತ್ತು ಗ್ರಾಂ ಹೆಚ್ಚಾದರೂ ಅದು ಒಂದೂವರೆ ಕೆಜಿಗಿಂತ ಹೆಚ್ಚು ತೂಕದ ಜೋರಿನಿಂದ ಗಾಲಿಯನ್ನು ಹೊರಕ್ಕೆ ಎಳೆದು ನಡುಗಿಸುತ್ತದೆ. ಕೊನೆಗೆ ನಟ್ಟುಗಳನ್ನು ಗಟ್ಟಿಯಾಗಿ ಕಟ್ಟುವ ಬದಲು ಗೇಣುದ್ದ ದಾರದಲ್ಲಿ ಸಡಿಲವಾಗಿ ಇಳಿಬಿಟ್ಟು ತಿರುಗಿಸಿ. ಗಾಲಿ ಎಷ್ಟು ಬೇಗ ನಿಲ್ಲುತ್ತದೆ ಎಂದು ಮಕ್ಕಳ ಕೈಯಲ್ಲೇ ಎಣಿಸಿ.

ವಿಡಿಯೊ ಬಂದಾಗ ಕೇಳಬೇಕಾದ ಪ್ರಶ್ನೆಗಳೂ ಸುಲಭ. ಎಷ್ಟು ನಿಮಿಷದ ವಿಡಿಯೊ? ನಿಲ್ಲುವ ಮೊದಲೇ ಕತ್ತರಿಸಿದ್ದಾರಾ? ಸ್ಟ್ಯಾಂಡಿನ ಕೆಳಗೆ ಡಬ್ಬಿ ಇದೆಯೇ? ಬ್ಯಾಟರಿ, ಸಣ್ಣ ಮೋಟಾರು ಅಡಗಲು ಅಂಗೈ ಅಗಲ ಜಾಗ ಸಾಕು. ಯಂತ್ರವನ್ನು ಎತ್ತಿ ಬಯಲಲ್ಲಿ ಇಟ್ಟು, ನಮ್ಮ ಪಂಪಿಗೆ ಬೆಲ್ಟು ಹಾಕಿ, ನಮ್ಮ ಕಣ್ಣೆದುರು ಇಡೀ ಒಂದು ದಿನ ನೀರು ಎತ್ತಿಸಿ ತೋರಿಸುತ್ತಾರಾ? ಅದಾಗುವ ತನಕ ಒಂದು ರೂಪಾಯಿ ಮುಂಗಡವೂ ಬೇಡ.

ಅವತ್ತು ಹೊರಡುವ ಮೊದಲು ಆ ರೈತರನ್ನು ಒಂದು ಮಾತು ಕೇಳಿದೆ. ಇಷ್ಟು ಕಷ್ಟಪಟ್ಟು ಈ ಗಾಲಿ ಯಾಕೆ ಬೇಕಿತ್ತು? ಅವರ ಉತ್ತರಕ್ಕೂ ಗುಂಡಿಗೂ ಸಂಬಂಧವೇ ಇರಲಿಲ್ಲ. ‘ತ್ರೀ ಫೇಸ್ ಕರೆಂಟು ರಾತ್ರಿ ಕೊಡತಾರ. ಎರಡು ಗಂಟೆಗೆ ಬ್ಯಾಟರಿ ಹಿಡಕೊಂಡು ಹೊಲಕ್ಕ ಹೋಗಬೇಕು. ಹೋದ ವರ್ಷ ಬಾಜೂ ಹೊಲದ ಹುಡುಗನಿಗೆ ಹಾವು ಕಡೀತು. ಬದುಕಿದ. ನನ್ನ ಮಗನ್ನ ಕಳಸಾಕ ಧೈರ್ಯ ಆಗವಲ್ದು.’

ಡೆಸ್ಕಿಗೆ ಫೋನ್ ಮಾಡಿ, ಗಾಲಿ ತಿರುಗುವುದಿಲ್ಲ, ಅದರ ಸುದ್ದಿ ಕಳಿಸುವುದಿಲ್ಲ ಎಂದೆ. ‘ತಿರುಗುತ್ತದೆ ಎಂದು ಅವರು ಹೇಳುತ್ತಾರೆ ಅಂತ ಬರೆಯಿರಿ, ಬೇರೆ ಪತ್ರಿಕೆಯವರು ಹಾಕಿದರೆ?’ ಎಂದರು. ಹಾಕಲಿ ಎಂದೆ. ಬದಲಿಗೆ ರಾತ್ರಿ ಕರೆಂಟಿನ ಸುದ್ದಿ ಕಳಿಸಿದೆ. ಐದು ಹಳ್ಳಿಯ ರೈತರನ್ನು ಮಾತಾಡಿಸಿ, ಯಾವ ವಾರ ಯಾವ ಹೊತ್ತಿಗೆ ತ್ರೀ ಫೇಸ್ ಬಂತು ಎಂದು ಪಟ್ಟಿ ಮಾಡಿ ಬರೆದೆ. ಒಳಪುಟದಲ್ಲಿ, ಅರ್ಧ ಕತ್ತರಿಸಿ, ಫೋಟೊ ಇಲ್ಲದೆ ಬಂತು. ಗಾಲಿಯ ಸುದ್ದಿ ಬಂದಿದ್ದರೆ ಮುಖಪುಟದಲ್ಲಿರುತ್ತಿತ್ತು.

ಬೋರಮಾಳ ಸರ ಅಡವಿಗೆ ಹೋಗಲಿಲ್ಲ. ಅದು ನನ್ನಿಂದ ಎಂದು ಹೇಳಲಾರೆ, ಏರಿಯ ಎರಡು ದಾರಿಯ ಲೆಕ್ಕ ಆಕೆಗೆ ಮೊದಲೇ ಗೊತ್ತಿತ್ತು. ರೈತರು ಈಗಲೂ ಪೂರ್ತಿ ಒಪ್ಪಿಲ್ಲ. ಮೊನ್ನೆ ಫೋನ್ ಮಾಡಿ, ಗುಂಡಿನ ಬದಲು ಅಯಸ್ಕಾಂತ ಹಾಕಿದರೆ ಹೇಗೆ ಎಂದು ಕೇಳಿದರು. ಅಯಸ್ಕಾಂತವೂ ಎಳೆದಷ್ಟನ್ನೇ ವಾಪಸ್ ಕೇಳುತ್ತದೆ ಎಂದೆ. ಜೊತೆಗೆ, 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಸಬ್ಸಿಡಿ ಇದೆ, ಸೋಲಾರ್ ಆದರೆ ಹಗಲಿನಲ್ಲೇ ನೀರು ಎತ್ತಬಹುದು, ವಿಚಾರಿಸೋಣ ಎಂದೆ. ಪಹಣಿ, ಆಧಾರ್ ಜೆರಾಕ್ಸ್ ಮಾಡಿಸಿ ಇಟ್ಟಿದ್ದಾರಂತೆ. ಸೋಮವಾರ ಇಬ್ಬರೂ ತಾಲ್ಲೂಕಿಗೆ ಹೋಗುತ್ತಿದ್ದೇವೆ.